ಕಬ್ಬಿಣ-56ಕ್ಕೆ 8.55 ಬರುತ್ತಿರುವುದು ಏಕೆ?

ಕಬ್ಬಿಣ-56ರ ಬಂಧನ ಶಕ್ತಿ, ಅಂದರೆ ಪರಮಾಣು ಬೀಜವನ್ನು (ನ್ಯೂಕ್ಲಿಯಸ್) ಬಿಡಿ ಕಣಗಳಾಗಿ ಒಡೆಯಲು ಬೇಕಾದ ಶಕ್ತಿ, ಪುಸ್ತಕದಲ್ಲಿ ಪ್ರತಿ ನ್ಯೂಕ್ಲಿಯಾನ್‌ಗೆ (ಪ್ರೋಟಾನ್ ಅಥವಾ ನ್ಯೂಟ್ರಾನ್‌ಗೆ) 8.79 ಎಂಇವಿ (ಮೆಗಾ ಎಲೆಕ್ಟ್ರಾನ್‌ವೋಲ್ಟ್) ಇದೆ, ನಿಮಗೆ 8.55 ಬರುತ್ತಿದೆ ಎಂದು ಕೇಳಿದ್ದೀರಿ. ಬಿಡಿ ಕಣಗಳ ಒಟ್ಟು ರಾಶಿಯಲ್ಲಿ ಪರಮಾಣುವಿನ ರಾಶಿ ಕಳೆದು, ವ್ಯತ್ಯಾಸವನ್ನು ಶಕ್ತಿಗೆ ಬದಲಿಸುವ ನಿಮ್ಮ ಸೂತ್ರ ಸರಿಯಾಗಿದೆ, ತಪ್ಪಿರುವುದು ಎಲೆಕ್ಟ್ರಾನ್‌ಗಳ ಲೆಕ್ಕ. ಕೋಷ್ಟಕದ 55.934936 ಯು (ಪರಮಾಣು ರಾಶಿಯ ಏಕಮಾನ) ಇಡೀ ಪರಮಾಣುವಿನ ರಾಶಿ, ಬರೀ ಬೀಜದ್ದಲ್ಲ. ಅದರಲ್ಲಿ 26 ಎಲೆಕ್ಟ್ರಾನ್‌ಗಳೂ ಸೇರಿವೆ. ನೀವು ಬಿಡಿ ಪ್ರೋಟಾನಿನ 1.007276 ಹಾಕಿದ್ದರಿಂದ 26 × 0.511 (ಒಂದು ಎಲೆಕ್ಟ್ರಾನಿನ ರಾಶಿ, ಎಂಇವಿಯಲ್ಲಿ), ಅಂದರೆ 13.3 ಎಂಇವಿ ಕೈಬಿಟ್ಟುಹೋಯಿತು. ಅದನ್ನು 56ರಿಂದ ಭಾಗಿಸಿ ನೋಡಿ, ನಿಮ್ಮ ವ್ಯತ್ಯಾಸ ಅಷ್ಟೇ ಇದೆ.

ಪ್ರೋಟಾನ್ ಬದಲು ಹೈಡ್ರೋಜನ್ ಪರಮಾಣುವಿನ ರಾಶಿ ಹಾಕಿ, ಅದರಲ್ಲಿ ಒಂದು ಪ್ರೋಟಾನ್ ಜೊತೆ ಒಂದು ಎಲೆಕ್ಟ್ರಾನ್ ಇರುವುದರಿಂದ ಎಲೆಕ್ಟ್ರಾನ್‌ಗಳು ತಾವಾಗಿಯೇ ವಜಾ ಆಗುತ್ತವೆ:

26 × 1.007825 (ಹೈಡ್ರೋಜನ್) = 26.203450
30 × 1.008665 (ನ್ಯೂಟ್ರಾನ್) = 30.259950
ಒಟ್ಟು 56.463400, ಇದರಲ್ಲಿ 55.934936 ಕಳೆದರೆ 0.528464 ಯು
0.528464 × 931.494 (1 ಯು ಎಂದರೆ ಇಷ್ಟು ಎಂಇವಿ) = 492.3 ಎಂಇವಿ, 56ರಿಂದ ಭಾಗಿಸಿದರೆ 8.79

ದಯವಿಟ್ಟು ಮಧ್ಯದಲ್ಲಿ ದಶಮಾಂಶ ಕತ್ತರಿಸಬೇಡಿ. ಹೆಚ್ಚುಕಡಿಮೆ ಸಮನಾದ ಎರಡು ದೊಡ್ಡ ಸಂಖ್ಯೆಗಳನ್ನು ಕಳೆಯುತ್ತಿದ್ದೀರಿ. ರಾಶಿಗಳನ್ನು ಮೂರೇ ಸ್ಥಾನಕ್ಕೆ ಇಳಿಸಿದರೆ ಉತ್ತರ 9.03ಕ್ಕೆ ಜಿಗಿಯುತ್ತದೆ. ಆರು ಸ್ಥಾನ ಇರಲೇಬೇಕು.

ಕಬ್ಬಿಣ-56 ಅತ್ಯಂತ ಬಿಗಿಯಾದ ಬೀಜ ಎಂದು ಬರೆದಿದ್ದೀರಿ. ಬಹಳ ಕಡೆ ಹಾಗೇ ಅಚ್ಚಾಗಿದೆ, ಆದರೆ ಆ ಸ್ಥಾನ ನಿಕ್ಕಲ್-62ರದ್ದು: 8.795. ಕಬ್ಬಿಣ-56 ಜಗತ್ತಿನಲ್ಲಿ ಹೇರಳವಾಗಿರುವುದಕ್ಕೆ ಕಾರಣವೇ ಬೇರೆ. ಸ್ಫೋಟಿಸುವ ನಕ್ಷತ್ರಗಳಲ್ಲಿ ಮೊದಲು ನಿಕ್ಕಲ್-56 ಆಗುತ್ತದೆ, ಅದು ಕೋಬಾಲ್ಟ್-56 ಆಗಿ, ಕೊನೆಗೆ ಕಬ್ಬಿಣ-56ಕ್ಕೆ ಬಂದು ನಿಲ್ಲುತ್ತದೆ.