ಹಿರಿಯರ ಕ್ರಿಸ್ಮಸ್ ಹಾಡು ಯೂಟ್ಯೂಬಿಗೆ ಹಾಕಬಹುದಾ?

ಪ್ರಶ್ನೆ: ನಮ್ಮದು ಚಿಕ್ಕ ಸಭೆ. ಕ್ರಿಸ್ಮಸ್ ರಾತ್ರಿಯ ಹಳೆಯ ಹಾಡುಗಳು ಪೂರ್ತಿ ಬರುವುದು ಈಗ ಕೆಲವೇ ಹಿರಿಯರಿಗೆ. ಯುವಕರು ಕೀಬೋರ್ಡ್ ಸೇರಿಸಿ ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕೋಣ ಅಂತಾರೆ. ಆರಾಧನೆಯ ಹಾಡು ಪ್ರದರ್ಶನಕ್ಕಲ್ಲ ಅಂತ ಹಿರಿಯರ ಹಟ. ಯಾರ ಮಾತು ಸರಿ?

ಉತ್ತರ: ರೆಕಾರ್ಡ್ ಮಾಡಿ, ಕೀಬೋರ್ಡ್ ಬಿಡಿ. ಹಿರಿಯರು ಹೇಗೆ ಹಾಡುತ್ತಾರೋ ಹಾಗೇ ಇರಲಿ. ನಡುಗುವ ದನಿ, ಸಾಲಿನ ಮಧ್ಯೆ ಉಸಿರು ಎಳೆದುಕೊಳ್ಳುವುದು, ಒಬ್ಬರು ಮರೆತದ್ದನ್ನು ಇನ್ನೊಬ್ಬರು ಎತ್ತಿಕೊಡುವುದು, ಎಲ್ಲವೂ. ಚಂದ ಮಾಡಲು ಹೊರಟವರು ಮೊದಲು ಕತ್ತರಿಸುವುದು ಇಂಥದ್ದನ್ನೇ.

ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರನ್ನು ನೋಡಿ. ಅಲ್ಲಿ ಅವರು ಅಲ್ಪಸಂಖ್ಯಾತರು. ಅವರ ಕ್ರಿಸ್ಮಸ್ ಜನವರಿ 7ಕ್ಕೆ, ಅದಕ್ಕೆ ಮುಂಚೆ ಅವರ ಪಂಚಾಂಗದ ಕಿಯಾಕ್ ತಿಂಗಳಲ್ಲಿ ಶನಿವಾರ ರಾತ್ರಿ ಸ್ತುತಿ ಹಾಡುಗಳು ಶುರುವಾದರೆ ಬೆಳಗಿನ ಜಾವದವರೆಗೂ ನಡೆಯುತ್ತವೆ. ಎಲ್ಲವೂ ಬಾಯಿಂದ ಬಾಯಿಗೆ ಬಂದದ್ದು, ಹಿಂದೆ ಹಾಡಿಸುತ್ತಿದ್ದವರಲ್ಲಿ ತುಂಬಾ ಜನ ಕಣ್ಣು ಕಾಣದವರು. 1920ರ ದಶಕದ ಕೊನೆಯಲ್ಲಿ ರಾಗಿಬ್ ಮುಫ್ತಾಹ್ ಎಂಬವರಿಗೆ ಈ ಹಾಡುಗಳು ಕಳೆದುಹೋಗಬಾರದು ಅನ್ನಿಸಿ, ಅರ್ನೆಸ್ಟ್ ನ್ಯೂಲ್ಯಾಂಡ್‌ಸ್ಮಿತ್ ಎಂಬ ಇಂಗ್ಲಿಷ್ ಸಂಗೀತಗಾರನನ್ನು ಕರೆಸಿದರು. ಮಿಖಾಯಿಲ್ ಗಿರ್ಗಿಸ್ ಎಂಬ ಅಂಧ ಗಾಯಕರು ಹಾಡುವುದು, ಆತ ಕೇಳಿ ಸ್ವರ ಬರೆದುಕೊಳ್ಳುವುದು, ಹೀಗೆ ವರ್ಷಗಟ್ಟಲೆ ನಡೆಯಿತು. ಆದರೆ ಹಾಡಿನಲ್ಲಿ ಸ್ವರ ಬಳುಕಿಸುವ ಗಮಕಗಳೆಲ್ಲ ಆಮೇಲೆ ಅರಬ್ಬೀ ಸಂಗೀತದಿಂದ ಅಂಟಿಕೊಂಡವು ಅಂತ ಆತನ ನಂಬಿಕೆ, ಅವನ್ನು ತೆಗೆದು ಬರೆಯಬೇಕು ಅಂತ ಹೊರಟ. ಈಗ ಆ ಕಾಗದ ಮಾತ್ರ ಉಳಿದಿದ್ದರೆ? ಪುಣ್ಯಕ್ಕೆ ಮುಫ್ತಾಹ್ ದನಿಯನ್ನೂ ರೆಕಾರ್ಡ್ ಮಾಡಿಸಿದರು. 2001ರಲ್ಲಿ ತೀರಿಕೊಂಡಾಗ ಅವರಿಗೆ ನೂರು ದಾಟಿತ್ತು. ಅವರ ಸಂಗ್ರಹ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ, ಅದರಲ್ಲಿ ಎಷ್ಟೋ ಭಾಗವನ್ನು ಈಗ ಆನ್‌ಲೈನಲ್ಲೇ ನೋಡಬಹುದು.

ಹಿರಿಯರ ಹಟದಲ್ಲೂ ನ್ಯಾಯವಿದೆ. ಆರಾಧನೆಯ ಒಳಗಿನ ಹಾಡನ್ನು ಲೈಕಿಗಾಗಿ ಹರಿಬಿಡುವುದು ನನಗೂ ಹಿಡಿಸದು. ಯಾವುದು ಹೊರಗೆ ಹೋಗಬಹುದು, ಯಾವುದು ಬೇಡ ಅಂತ ಅವರೇ ಹೇಳಲಿ. ಬೇಡ ಅಂದದ್ದನ್ನು ‘ಅನ್‌ಲಿಸ್ಟೆಡ್’ ಮಾಡಿದರೆ ಲಿಂಕ್ ಇದ್ದವರಿಗೆ ಮಾತ್ರ ಕಾಣುತ್ತದೆ. ಅದೂ ಬೇಡವಾದರೆ ಪೆನ್‌ಡ್ರೈವಿನಲ್ಲಿಟ್ಟು ಇನ್ನೊಂದು ಪ್ರತಿ ಮಾಡಿಕೊಳ್ಳಿ. ಹಾಡು ಯಾವಾಗ ಹಾಡುವುದು, ಯಾರು ಎತ್ತಿಕೊಳ್ಳುವುದು, ಯಾರು ಉತ್ತರ ಕೊಡುವುದು ಅಂತ ಅವರ ಬಾಯಲ್ಲೇ ಹೇಳಿಸಿ ಅದನ್ನೂ ರೆಕಾರ್ಡ್ ಮಾಡಿ. ಹಾಡಿಗಿಂತ ಇದೇ ಬೇಗ ಮರೆತುಹೋಗೋದು.

ಪ್ರಶ್ನೆ: ದೂರದಲ್ಲಿರುವ ನಮ್ಮವರೆಲ್ಲ ವಿಡಿಯೋ ಕಾಲಿನಲ್ಲಿ ಒಟ್ಟಿಗೆ ಹಾಡಲು ಹೋದರೆ ಸುಮ್ನೆ ಗದ್ದಲವಾಗುತ್ತದೆ. ಏನು ಮಾಡೋಣ?

ಉತ್ತರ: ಒಟ್ಟಿಗೆ ಹಾಡಲು ಹೋಗಬೇಡಿ. ದನಿ ಹೋಗಿ ಬರುವಷ್ಟರಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗ ತಡವಾದರೂ ತಾಳ ಕೆಡುತ್ತದೆ, ಅದಕ್ಕೆ ನೀವಾದರೂ ಏನು ಮಾಡ್ತೀರಿ? ಸರದಿಯಲ್ಲಿ ಹಾಡಿ. ವೇಲ್ಸ್‌ನ ಹಳ್ಳಿಗಳಲ್ಲಿ ‘ಪ್ಲಗೈನ್’ ಅಂತ ಕ್ರಿಸ್ಮಸ್ ಹಾಡಿನ ಪದ್ಧತಿ ಇದೆ. ಯಾರೂ ಹೆಸರು ಕೂಗುವುದಿಲ್ಲ, ವಾದ್ಯವೂ ಇಲ್ಲ. ಒಂದೊಂದೇ ಗುಂಪು ಎದ್ದು ಬಂದು ಹಾಡಿ ಕೂರುತ್ತದೆ, ಆಮೇಲೆ ಅದೇ ಕ್ರಮದಲ್ಲಿ ಎರಡನೇ ಸುತ್ತು. ಒಮ್ಮೆ ಹಾಡಿದ್ದನ್ನು ಆ ರಾತ್ರಿ ಇನ್ನೊಬ್ಬರು ಹಾಡುವ ಹಾಗಿಲ್ಲ. ವಿಡಿಯೋ ಕಾಲಿಗೆ ಹೇಳಿ ಮಾಡಿಸಿದ ಹಾಗಿದೆ ಅಲ್ವಾ? ಹಾಡುವವರನ್ನು ಬಿಟ್ಟು ಉಳಿದವರು ಮ್ಯೂಟ್ ಮಾಡಿಕೊಂಡು ಜೊತೆಗೆ ಹಾಡಿಕೊಳ್ಳಲಿ. ಜೂಮ್‌ನಲ್ಲಿ ‘ಒರಿಜಿನಲ್ ಸೌಂಡ್’ ಆನ್ ಮಾಡಿ, ಇಲ್ಲದಿದ್ದರೆ ಎಳೆದು ಹಾಡುವ ಸ್ವರವನ್ನೂ ಅದು ಗದ್ದಲ ಅಂತ ನುಂಗಿಬಿಡುತ್ತದೆ.

ಪ್ರಶ್ನೆ: ತುಂಬಾ ಹಳೆಯ ಹಾಡು, ಆದರೂ ಯೂಟ್ಯೂಬಿಂದ ಕಾಪಿರೈಟ್ ಕ್ಲೇಮ್ ಬಂತು. ಅಳಿಸಬೇಕಾ?

ಉತ್ತರ: ಬೇಡ. ಅದೇ ರಾಗವನ್ನು ಯಾವುದೋ ಕಂಪನಿ ರೆಕಾರ್ಡ್ ಮಾಡಿ ಮಾರಿರುತ್ತದೆ, ಯೂಟ್ಯೂಬಿನ ಯಂತ್ರ ನಿಮ್ಮದನ್ನೂ ಅದೇ ಅಂದುಕೊಂಡಿರುತ್ತದೆ. ಹಾಡು, ರಾಗ ಎರಡೂ ಹಳೆಯವು, ಹಾಡಿದವರು ನೀವೇ ಅಂತಾದರೆ ‘ಡಿಸ್ಪ್ಯೂಟ್’ ಒತ್ತಿ, ಅಷ್ಟನ್ನೇ ಬರೆದು ಕಳಿಸಿ. ಹಿನ್ನೆಲೆಗೆ ಕ್ಯಾಸೆಟ್ಟಿನ ಸಂಗೀತ ಹಾಕಿದ್ದರೆ ಮಾತ್ರ ಕ್ಲೇಮ್ ಸರಿಯೇ ಇರಬಹುದು.