ಅದು ಬರೀ ಟಿಕೆಟ್ ಅಲ್ಲ

ಅಮೆರಿಕದ ವರ್ಜೀನಿಯಾದಲ್ಲಿ, ರೋನೋಕ್‌ನಿಂದ ವಾಪಸ್ ಬರುವಾಗ 81ನೇ ಹೈವೇಯಲ್ಲಿ, 70 ಮೈಲಿ ಮಿತಿ ಇದ್ದ ಕಡೆ 88ರಲ್ಲಿ ಸಿಕ್ಕಿಬಿದ್ದೆ, ಆನ್‌ಲೈನಲ್ಲಿ ದಂಡ ಕಟ್ಟಿದರೆ ಮುಗೀತಲ್ವಾ ಅಂತ ಕೇಳಿದ್ದೀರಿ. ಮುಗಿಯುವುದಿಲ್ಲ. ಪೊಲೀಸ್ ಕೊಟ್ಟ ಕಾಗದದಲ್ಲಿ ‘ರೆಕ್‌ಲೆಸ್ ಡ್ರೈವಿಂಗ್’, ಅಂದರೆ ಬೇಜವಾಬ್ದಾರಿ ಚಾಲನೆ ಅಂತಿದೆ ಅಂದಿರಲ್ಲ, ವರ್ಜೀನಿಯಾದಲ್ಲಿ ಅದು ಕ್ರಿಮಿನಲ್ ಕೇಸು. 85 ಮೈಲಿ ದಾಟಿದರೂ ಅದೇ, ಮಿತಿಗಿಂತ 20 ಜಾಸ್ತಿ ಹೋದರೂ ಅದೇ. ಕಾನೂನಿನಲ್ಲಿ 12 ತಿಂಗಳವರೆಗೆ ಜೈಲು, 2,500 ಡಾಲರ್‌ವರೆಗೆ ದಂಡ ಅಂತ ಬರೆದಿದೆ. ಮೊದಲ ಸಲ ಈ ವೇಗಕ್ಕೆ ಸಿಕ್ಕಿದವರನ್ನು ಸಾಮಾನ್ಯವಾಗಿ ಜೈಲಿಗೆ ಹಾಕುವುದಿಲ್ಲ, ಹೆದರಬೇಡಿ.

ಆ ಕಾಗದಕ್ಕೆ ಸಹಿ ಹಾಕಿದ್ದಕ್ಕೆ ತಪ್ಪು ಒಪ್ಪಿಕೊಂಡಂತಾಯಿತಾ ಅಂತಲೂ ಕೇಳಿದ್ದೀರಿ. ಇಲ್ಲ. ಅದರಲ್ಲಿರುವ ತಾರೀಖಿಗೆ ಕೋರ್ಟಿಗೆ ಬರುತ್ತೇನೆ ಅಂತ ಕೊಟ್ಟ ಮಾತು ಅದು, ಅಷ್ಟೇ. ಹೋಗದಿದ್ದರೆ ಮಾತ್ರ ಅದೇ ಇನ್ನೊಂದು ಕೇಸಾಗುತ್ತದೆ.

ನಾನು 2014ರಲ್ಲಿ ಸಿಕ್ಕಿಬಿದ್ದೆ. ಆಗ ರೆಕ್‌ಲೆಸ್ ಅನ್ನುವ ಗಡಿ 80 ಇತ್ತು, 85 ಆಗಿದ್ದು 2020ರಲ್ಲಿ. 70 ಇದ್ದ ಕಡೆ ನಾನು 83ರಲ್ಲಿದ್ದೆ. ಅಮೆರಿಕಕ್ಕೆ ಬಂದು ಒಂಬತ್ತು ತಿಂಗಳಾಗಿತ್ತು. ಊರಿನ ಅಭ್ಯಾಸ ನಿಮಗೆ ಗೊತ್ತಲ್ಲ, ಪೊಲೀಸ್ ಕೈ ಅಡ್ಡ ಹಾಕಿದರೆ ಇಳಿದು ಹೋಗಿ ಮಾತಾಡುತ್ತೇವೆ. ನಾನೂ ಬಾಗಿಲು ತೆಗೆದೆ. ‘ಒಳಗೇ ಕೂತಿರು’ ಅಂತ ಹಿಂದಿನಿಂದ ಕೂಗಿದ ದನಿ ಇನ್ನೂ ಕಿವಿಯಲ್ಲಿದೆ.

ಯಾರಿಗೂ ಹೇಳಲಿಲ್ಲ. ರೂಮಿನವರಿಗೆ ಹೇಳಿದರೆ ಕನ್ನಡ ಸಂಘದ ತುಂಬಾ ಸುದ್ದಿಯಾಗುತ್ತದೆ ಅಂದುಕೊಂಡೆ. ‘ಕೋರ್ಟಲ್ಲಿ ಗೆದ್ದವನು ಸೋತ, ಸೋತವನು ಸತ್ತ’ ಅಂತ ಅಜ್ಜಿ ಹೇಳುತ್ತಿದ್ದ ಮನೆ ನಮ್ಮದು. ಆ ಬೆಳಿಗ್ಗೆ ಕೋರ್ಟಿನ ಬಾಗಿಲಲ್ಲಿ ಜೇಬು ಖಾಲಿ ಮಾಡಿಸಿದರು. ಅಮ್ಮ ಕಟ್ಟಿಕೊಟ್ಟ ರಾಯರ ಮಂತ್ರಾಕ್ಷತೆಯ ಪೊಟ್ಟಣ ಟ್ರೇಗೆ ಬಿತ್ತು. ಗಾರ್ಡ್ ಅದನ್ನು ಬಿಚ್ಚಿ, ಕೆಂಪು ಅಕ್ಕಿಕಾಳನ್ನು ಬೆರಳಲ್ಲಿ ಸರಿಸಿ, ಮೂಸಿ ನೋಡಿ, ಮಡಚಿ ಕೊಟ್ಟ. ನನ್ನ ಕೈ ನಡುಗುತ್ತಿತ್ತು.

ಹೆಸರು ಕರೆದರು. ಜಡ್ಜ್ ಕೇಳಿದ ಕೂಡಲೇ ‘ಗಿಲ್ಟಿ’ ಅಂದುಬಿಟ್ಟೆ. ನಮ್ಮಲ್ಲಿ ತಪ್ಪಾಯ್ತು ಅಂತ ತಲೆ ಬಗ್ಗಿಸಿದರೆ ಹಿರಿಯರು ಕರಗುತ್ತಾರೆ ಅಲ್ವಾ? ಇಲ್ಲಿ ಆ ಮಾತೇ ತೀರ್ಪಾಯಿತು. ಎರಡು ನಿಮಿಷ ಹಿಡಿಯಲಿಲ್ಲ. ದಂಡ, ಲೈಸೆನ್ಸ್ ಮೇಲೆ ತಪ್ಪಿನ 6 ಪಾಯಿಂಟ್, ವಾಹನ ಇಲಾಖೆಯ (ಡಿಎಂವಿ) ದಾಖಲೆಯಲ್ಲಿ 11 ವರ್ಷ. 10 ದಿನದೊಳಗೆ ಮೇಲಿನ ಕೋರ್ಟಾದ ಸರ್ಕ್ಯೂಟ್ ಕೋರ್ಟಿಗೆ ಅಪೀಲು ಹಾಕಿದ್ದರೆ ಕೇಸು ಮೊದಲಿನಿಂದ ನಡೆಯುತ್ತಿತ್ತು. ಅದು ಗೊತ್ತಾಗುವಷ್ಟರಲ್ಲಿ ತಿಂಗಳು ಕಳೆದಿತ್ತು.

ಮರುವರ್ಷ ತಂಗಿಯ ಮದುವೆ. ಊರಿಗೆ ಹೋದರೆ ವಾಪಸ್ ಬರಲು ವೀಸಾ ಸ್ಟಾಂಪಿಂಗ್, ಅಂದರೆ ಪಾಸ್‌ಪೋರ್ಟಿಗೆ ಹೊಸ ವೀಸಾ ಹಾಕಿಸುವುದು, ಆಗಬೇಕಿತ್ತು. ‘ಎಂದಾದರೂ ಅರೆಸ್ಟ್ ಆಗಿದ್ದೀರಾ, ಶಿಕ್ಷೆಯಾಗಿದೆಯಾ’ ಅಂತ ವೀಸಾ ಅರ್ಜಿಯ ಡಿಎಸ್-160 ಫಾರ್ಮಿನಲ್ಲಿ ಕೇಳುತ್ತಾರೆ. ಆ ಪ್ರಶ್ನೆ ನೋಡಿ ಲ್ಯಾಪ್‌ಟಾಪ್ ಮುಚ್ಚಿಟ್ಟೆ. ರಜೆ ಸಿಗಲಿಲ್ಲ ಅಂತ ಮನೆಗೆ ಸುಳ್ಳು ಹೇಳಿದೆ. ಧಾರೆಯನ್ನು ಫೋನಿನಲ್ಲಿ ನೋಡಿದೆ. ಅಣ್ಣ ನಿಲ್ಲಬೇಕಾದ ಜಾಗದಲ್ಲಿ ಚಿಕ್ಕಪ್ಪನ ಮಗ ನಿಂತಿದ್ದ. ಎರಡು ವರ್ಷದ ಮೇಲೆ ವೀಸಾಕ್ಕೆ ಚೆನ್ನೈಗೆ ಹೋದಾಗ, ಆಫೀಸರ್ ಕೋರ್ಟಿನ ಕಾಗದ ಓದಿ, ಎರಡು ಪ್ರಶ್ನೆ ಕೇಳಿ, ವೀಸಾ ಕೊಟ್ಟರು. ಅಷ್ಟಕ್ಕೆ ಹೆದರಿ ನಾನು ಮದುವೆ ತಪ್ಪಿಸಿದ್ದೆ. ತಂಗಿಗೆ ನಿಜ ಹೇಳಿದ್ದು ಹೋದ ವರ್ಷ. ‘ಅವತ್ತೇ ಹೇಳಬಾರದಿತ್ತಾ ಅಣ್ಣ’ ಅಂದಳು. ಏನು ಹೇಳಲಿ?

ಅದಕ್ಕೇ ಹೇಳುತ್ತಿದ್ದೇನೆ, ಒಬ್ಬರೇ ಹೋಗಬೇಡಿ. ಲಾಯರ್ ಇಟ್ಟುಕೊಳ್ಳಿ, ಫೀಸು ಎರಡು ಮೂರು ಕಡೆ ವಿಚಾರಿಸಿ. ಆ ಕೋರ್ಟಿನಲ್ಲಿ ದಿನಾ ಓಡಾಡುವವರಾದರೆ ಒಳ್ಳೆಯದು. ಎಚ್-1ಬಿ, ಅಂದರೆ ಕೆಲಸದ ವೀಸಾದಲ್ಲಿದ್ದೀನಿ ಅಂತ ಮೊದಲ ಮಾತಿನಲ್ಲೇ ಹೇಳಿ. ತಪ್ಪೊಪ್ಪಿಕೊಂಡರೆ ಗಡೀಪಾರಿನ ಅಪಾಯ ಇದೆಯಾ ಅಂತ ತಿಳಿಸುವುದು ಲಾಯರ್ ಕರ್ತವ್ಯ ಅಂತ 2010ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟೇ ಹೇಳಿದೆ. ಕಾರಿನ ಸ್ಪೀಡೋಮೀಟರ್ ಪರೀಕ್ಷೆ ಮಾಡಿಸಿ, ಡ್ರೈವಿಂಗ್ ಕ್ಲಾಸ್ ಮುಗಿಸಿ ಸರ್ಟಿಫಿಕೇಟ್ ತಗೊಂಡು ಹೋದರೆ, ಕ್ರಿಮಿನಲ್ ಅಲ್ಲದ ಚಿಕ್ಕ ತಪ್ಪಿಗೆ ಇಳಿಸುವುದೂ ಉಂಟು. ಖಾತ್ರಿ ಇಲ್ಲ. ಕೇಸು ಮುಗಿದ ಮೇಲೆ ಕೋರ್ಟಿನ ದೃಢೀಕೃತ ಪ್ರತಿ ತಗೊಂಡು ಪಾಸ್‌ಪೋರ್ಟ್ ಜೊತೆ ಇಡಿ. ಯಾವ ಫಾರ್ಮಿನಲ್ಲಿ ಕೇಳಿದರೂ ನಿಜ ಬರೆಯಿರಿ.

ಮನೆಯವರಿಗೆ ಇವತ್ತೇ ಫೋನ್ ಮಾಡಿ. ಕೋರ್ಟಿನ ದಿನ ನಾನೂ ಬರುತ್ತೇನೆ, ಹಿಂದಿನ ಬೆಂಚಿನಲ್ಲಿ ಕೂತಿರುತ್ತೇನೆ. ವಾಪಸ್ ಬರುವಾಗ ನಮ್ಮ ಮನೆಯಲ್ಲೇ ಊಟ.