ಆ ‘ಹೇಗೋ’ ತೆಗೆದುಬಿಡಿ

ನಮಸ್ಕಾರ. ಶಿಲಾಯುಗದ ಕಲ್ಲಿನ ಆಯುಧಗಳ ಬಗ್ಗೆ ನೀವು ಉಡುಪಿಯಿಂದ ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಕೈಬಿಡಬೇಡಿ, ತಿದ್ದಿ ಕಳಿಸಿ.

ಮೊದಲ ಎರಡು ಪುಟ ಬರೀ ಹೆಸರು, ಇಸವಿ. ಕೀನ್ಯಾದ ಲೊಮೆಕ್ವಿಯಲ್ಲಿ ಸಿಕ್ಕ 33 ಲಕ್ಷ ವರ್ಷ ಹಳೆಯ ಕಲ್ಲುಗಳು, 1863ರಲ್ಲಿ ಚೆನ್ನೈ ಹತ್ತಿರದ ಪಲ್ಲಾವರಂನಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್‌ಗೆ ಸಿಕ್ಕ ಆಯುಧ, ಎಲ್ಲ ಸರಿಯಾಗಿಯೇ ಇದೆ. ಆದರೆ ಓದುವವರಿಗೆ ಒಂದು ಕಲ್ಲೂ ಕಾಣುವುದಿಲ್ಲ. ಆಮೇಲೆ ಬರೆಯುತ್ತೀರಿ: ‘ಆದಿಮಾನವ ಸಿಕ್ಕ ಕಲ್ಲನ್ನು ಹೇಗೋ ಒಡೆದು ಬಳಸುತ್ತಿದ್ದ.’ ಆ ‘ಹೇಗೋ’ ಓದಿ ಬೇಜಾರಾಯಿತು. ವಿಷಯ ಇರುವುದೇ ಅಲ್ಲಿ, ಅಲ್ವಾ?

ನಮ್ಮ ಮುರಕಲ್ಲಿಗೆ, ಅಂದರೆ ಜಂಬಿಟ್ಟಿಗೆ ಕಲ್ಲಿಗೆ, ಸುತ್ತಿಗೆಯಿಂದ ಹೊಡೆದು ನೋಡಿ. ಉದುರುತ್ತದೆ, ಹರಿತವಾದ ಅಂಚು ಬರುವುದಿಲ್ಲ. ಹಾಗಾಗಿ ಮೊದಲ ಜಾಣತನ ಕಲ್ಲಿನ ಆಯ್ಕೆಯಲ್ಲೇ ಇದೆ. ಇನ್ನು ಏಟು. ಅಂಚಿನ ಕೋನ 90 ಡಿಗ್ರಿಗಿಂತ ಕಡಿಮೆ ಇರುವ ಜಾಗ ಹುಡುಕಿ, ಓರೆಯಾಗಿ ಹೊಡೆಯಬೇಕು. ಆಗ ತೆಳ್ಳಗಿನ ಚಕ್ಕೆ ಏಳುತ್ತದೆ. ಅದರ ಒಳಮೈಯಲ್ಲಿ, ಏಟು ಬಿದ್ದ ಕಡೆ, ಒಂದು ಸಣ್ಣ ಉಬ್ಬು. ಅಲ್ಲಿಂದ ಕೆರೆಗೆ ಕಲ್ಲು ಹಾಕಿದ ಹಾಗೆ ಅಲೆ ಅಲೆ ಗೆರೆ. ಇಂಥ ಏಟುಗಳು ಲೆಕ್ಕವಿಟ್ಟ ಹಾಗೆ ಒಂದರ ಪಕ್ಕ ಒಂದು ಬಿದ್ದಿದ್ದರೆ ಅಲ್ಲಿ ಒಂದು ಕೈ ಇತ್ತು, ಮುಂದಿನ ಏಟು ಎಲ್ಲಿಗೆ ಎಂದು ಯೋಚಿಸಿದ ತಲೆಯೂ ಇತ್ತು.

ಲೇಖನದಲ್ಲಿ ಆಫ್ರಿಕಾಕ್ಕೆ ಹೋಗಿಬಂದ ನೀವು ನಮ್ಮದೇ ರಾಜ್ಯದ ಇಸಾಂಪುರವನ್ನು ಬಿಟ್ಟಿದ್ದೀರಿ! ಯಾದಗಿರಿ ಜಿಲ್ಲೆಯ ಹುಣಸಗಿ ಹತ್ತಿರ, ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ವಜ್ಞ ಕೆ. ಪದ್ದಯ್ಯ ಅವರ ತಂಡ ಅಗೆದ ಜಾಗ. ಸುಮಾರು 12 ಲಕ್ಷ ವರ್ಷ ಹಿಂದಿನದು ಎಂದು ಅಂದಾಜು. ಸುಣ್ಣಕಲ್ಲಿನ ಚಪ್ಪಡಿ ಇರುವಲ್ಲಿಗೇ ಬಂದು, ಅಲ್ಲೇ ಕೂತು ಕೈಗೊಡಲಿ, ಅಂದರೆ ಹಿಡಿಯಿಲ್ಲದೆ ಕೈಯಲ್ಲೇ ಹಿಡಿಯುವ ಕಲ್ಲಿನ ಕೊಡಲಿ, ಮಾಡಿದ್ದಾರೆ. ಚಕ್ಕೆಗಳು, ಹೊಡೆಯಲು ಬಳಸಿದ ಗಟ್ಟಿ ಗುಂಡುಕಲ್ಲುಗಳು ಅಲ್ಲೇ ಸಿಕ್ಕಿವೆ. ಒಂದು ಕೆಲಸದ ಜಾಗ ಕಣ್ಣಿಗೆ ಕಟ್ಟುತ್ತದೆ. ಇದನ್ನು ಓದಿದ ಮೇಲೆ ನಿಮ್ಮ ‘ಅನಾಗರಿಕ’ ಎಂಬ ಪದ ನಿಲ್ಲುವುದಿಲ್ಲ. ಹೊಡೆದುಹಾಕಿ.

ಕೊನೆಯ ಪುಟದಲ್ಲಿ ಮೂರು ಸಾಲು ಇದೆ. ಅಜ್ಜಿ ಮನೆಗೆ ಕಡೆಯುವ ಕಲ್ಲು ಕುಟ್ಟಲು ಬರುತ್ತಿದ್ದವರು ಉಳಿ ಇಡುವ ಮೊದಲು ಕಲ್ಲನ್ನು ತಟ್ಟಿ ಸದ್ದು ಕೇಳುತ್ತಿದ್ದರು ಎಂದು. ನನಗೆ ತುಂಬಾ ಹಿಡಿಸಿತು. ಲೇಖನ ಅಲ್ಲಿಂದಲೇ ಶುರುವಾಗಲಿ. ಇಸವಿಗಳು ಅದರ ಹಿಂದೆ ತಾವಾಗಿ ಬರುತ್ತವೆ.

ಆ ಕಲ್ಲು ಇನ್ನೂ ಮನೆಯಲ್ಲಿದ್ದರೆ ಹತ್ತಿರದಿಂದ ಒಂದು ಫೋಟೊ ತೆಗೆದು ಕಳಿಸಿ. ಉಳಿಯ ಗುರುತು ಕಾಣಬೇಕು.